ನೂರಕ್ಕೆ ತೊಂಬತ್ತಾರು ಪಾಲು ನಿಜ

ಕಂಪ್ಯೂಟರಿಗೆ ಬುದ್ಧಿ ಕಲಿಸುವ ಕೆಲಸ ಸಿಕ್ಕಿದ ಮೇಲೆ ಕೇರಿಯವರು ಅವಳಿಗೆ ಮೇಷ್ಟ್ರಮ್ಮ ಎಂದು ಹೆಸರಿಟ್ಟರು. ಅದಕ್ಕೆ ಮುಂಚೆ ಆರು ವರ್ಷ ಅವಳು ಅದೇ ಕಚೇರಿಯ ಕಕ್ಕಸು ತೊಳೆದಿದ್ದಳು. ಕಚೇರಿಯವರೂ ಅವಳಿಗೊಂದು ಹೆಸರು ಇಟ್ಟಿದ್ದರು. 'ಏ' ಅಂತ. ಕೂಗುವುದಕ್ಕೆ ಸುಲಭ, ಮರೆಯುವುದಕ್ಕೆ ಇನ್ನೂ ಸುಲಭ.

ಕುರ್ಚಿ ಸಿಕ್ಕಿದ್ದೂ ಕಕ್ಕಸಿನಿಂದಲೇ. ಒಂದು ದಿನ ಕಕ್ಕಸಿನ ಬಾಗಿಲಿಗೆ ಚೀಟಿ ಅಂಟಿಸಿದ್ದರು. 'ಬಳಸಿದ ನಂತರ ತಪ್ಪದೆ ನೀರು ಕುಡಿಯಿರಿ' ಎಂದಿತ್ತು. ಯಂತ್ರವೇ ಬರೆದ ಚೀಟಿಯಂತೆ. ಎರಡು ದಿನ ನೋಡಿದಳು. ಮೂರನೆಯ ದಿನ ತಡೆಯಲಾಗಲಿಲ್ಲ. ಪೆನ್ನು ತೆಗೆದು 'ಕುಡಿಯಿರಿ'ಯನ್ನು ಹೊಡೆದು 'ಸುರಿಯಿರಿ' ಎಂದು ಬರೆದಳು. ಮೇಲ್ವಿಚಾರಕ ಅದನ್ನು ಕಂಡು ಅವಳನ್ನು ಕರೆಸಿದ.

"ಇದು ಯಾರು ತಿದ್ದಿದ್ದು?"

"ನಾನೇ ಸಾರ್. ತಪ್ಪಾಯ್ತು."

"ಓದೋಕೆ ಬರುತ್ತಾ ನಿನಗೆ?"

"ಎಂಟನೇ ಕ್ಲಾಸ್ ತನಕ ಓದಿದ್ದೀನಿ ಸಾರ್."

ಆ ವಾರ ಓದುವ ಕೆಲಸದ ಇಬ್ಬರು ಬಿಟ್ಟು ಹೋಗಿದ್ದರು. ಮೇಲ್ವಿಚಾರಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನಾಳೆ ಕೈ ಚೆನ್ನಾಗಿ ತೊಳ್ಕೊಂಡು ಮೇಲಿನ ಮಹಡಿಗೆ ಬಾ" ಎಂದ. ಆರು ವರ್ಷ ಅವನ ಕಕ್ಕಸು ತೊಳೆದವಳಿಗೆ ಕೈ ತೊಳೆಯುವ ಪಾಠ ಆದದ್ದು ಹೀಗೆ.

ಕೆಲಸ ಇಷ್ಟು. ಯಂತ್ರ ಹಗಲೂ ಇರುಳೂ ಇಂಟರ್‌ನೆಟ್ ಓದುತ್ತದೆ. ಸುದ್ದಿ, ಜಾಹೀರಾತು, ಅಡುಗೆ, ಜಗಳ, ಯಾರೋ ಯಾರಿಗೋ ಬೈದದ್ದು, ಸಿಕ್ಕಿದ್ದನ್ನೆಲ್ಲ ಮೇಯುತ್ತದೆ. ಮೇದದ್ದನ್ನು ಮೆಲುಕು ಹಾಕಿ ಒಂದೊಂದೇ ವಾಕ್ಯ ಹೊರಗೆ ಹಾಕುತ್ತದೆ. ಇದು ನಾನು ಕಲಿತ ಜ್ಞಾನ, ಇದನ್ನು ನೂರಕ್ಕೆ ಇಷ್ಟು ಪಾಲು ನಂಬಿದ್ದೇನೆ ಎನ್ನುತ್ತದೆ. ಸಾಲಾಗಿ ಕೂತ ಹದಿನಾಲ್ಕು ಜನ ಅದನ್ನು ಓದಿ 'ಸರಿ' ಅಥವಾ 'ತಪ್ಪು' ಒತ್ತಬೇಕು. ದಿನಕ್ಕೆ ಒಂಬೈನೂರು ವಾಕ್ಯ. ಮಧ್ಯಾಹ್ನದ ಹೊತ್ತಿಗೆ ಕಣ್ಣಲ್ಲಿ ಮರಳು. ಸಂಜೆಗೆ ಕತ್ತು ಸೌದೆ. ಮೊದಲು ಮಂಡಿ ನೋಯುತ್ತಿತ್ತು, ಈಗ ಕತ್ತು ನೋಯುತ್ತದೆ. ನೋವಿಗೆ ಬಡ್ತಿ ಸಿಕ್ಕಿತ್ತು.

ಮೊದಮೊದಲು ಅವಳಿಗೆ ಮಜಾ ಇತ್ತು. 'ಮಂಚಕ್ಕೆ ನಾಲ್ಕು ಕಾಲು, ಆದ್ದರಿಂದ ಮಂಚ ಒಂದು ಸಾಕುಪ್ರಾಣಿ' ಎಂದಿತು ಯಂತ್ರ. ತಪ್ಪು. 'ಹೊಟ್ಟೆಕಿಚ್ಚು ಕಂಡುಬಂದಲ್ಲಿ ಅಗ್ನಿಶಾಮಕ ದಳಕ್ಕೆ ತಿಳಿಸಬೇಕು.' ತಪ್ಪು. 'ಕೆಲವರು ಇತರರ ತಲೆಯನ್ನು ತಿನ್ನುತ್ತಾರೆ.' ಇದಕ್ಕೆ ಮೇಲ್ವಿಚಾರಕನ ಕಡೆ ಒಮ್ಮೆ ನೋಡಿ ಸರಿ ಒತ್ತಿದಳು. 'ಅತ್ತೆ ಎಂಬುದು ಕಣ್ಣೀರಿಗೆ ಸಂಬಂಧಿಸಿದ ಒಂದು ಕ್ರಿಯೆ' ಎಂದು ಬಂದ ದಿನ ಬಿದ್ದು ಬಿದ್ದು ನಕ್ಕಳು. ಮನೆಗೆ ಹೋಗಿ ಅತ್ತೆಗೆ ಹೇಳಿದಳು.

"ಅದಕ್ಕೆ ನನ್ನ ವಿಷಯ ಯಾರು ಚಾಡಿ ಹೇಳಿದ್ದು? ನೀನೇನಾ?" ಎಂದಳು ಅತ್ತೆ.

ಮೇಲ್ವಿಚಾರಕನಿಗೆ ಹುಡುಗರು ಇಟ್ಟ ಹೆಸರು ಶೇಕಡಾ ಸಾರ್. ಊಟ ಹೇಗಿತ್ತು ಸಾರ್ ಎಂದರೂ ಎಂಬತ್ತು ಪರ್ಸೆಂಟ್ ಎನ್ನುವವನು. ಯಂತ್ರವನ್ನು 'ನಮ್ಮ ಮಗು' ಎನ್ನುತ್ತಿದ್ದ. ಅದಕ್ಕೆ ಏನಾದರೂ ಕೇಳುವಾಗ 'ದಯವಿಟ್ಟು' ಎಂದು ಟೈಪು ಮಾಡುತ್ತಿದ್ದ. ಸಾಲಿನಲ್ಲಿ ಕೂತ ಹದಿಮೂರು ಜನಕ್ಕೆ 'ನೀವು'. ಹದಿನಾಲ್ಕನೆಯವಳಿಗೆ ಮಾತ್ರ ಹಳೆಯ 'ಏ'. ಕುರ್ಚಿ ಬದಲಾಗಿತ್ತು, ಕೂಗು ಬದಲಾಗಿರಲಿಲ್ಲ.

ಊಟದ ಕೋಣೆಯಲ್ಲಿ ಯಾರಾದರೂ ವಾಂತಿ ಮಾಡಿಕೊಂಡರೆ, "ಏ, ಸ್ವಲ್ಪ ಹೋಗಿ ನೋಡು. ನಿನಗೆ ಅಭ್ಯಾಸ ಇದೆಯಲ್ಲ." ಅವಳು ವಾಕ್ಯ ಅರ್ಧಕ್ಕೆ ಬಿಟ್ಟು ಏಳುತ್ತಿದ್ದಳು. ಬಕೆಟ್ಟು, ಬಟ್ಟೆ, ಮಂಡಿಯೂರುವುದು, ಒರೆಸುವುದು, ಹಿಂಡುವುದು. ಹಿಂದಿರುಗುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗಿರುತ್ತಿತ್ತು. ಸಂಜೆ ಅದೇ ಶೇಕಡಾ ಸಾರ್, "ಏನು ಇವತ್ತು ನಿನ್ನ ವಾಕ್ಯ ಕಮ್ಮಿ?" ಎನ್ನುತ್ತಿದ್ದ. ಪಕ್ಕದಲ್ಲಿ ಕೂರುವ ಕನ್ನಡಕದ ಹುಡುಗಿ ಒಳ್ಳೆಯವಳು. ಆದರೂ ಒಮ್ಮೆ ಇವಳ ಕೀಬೋರ್ಡು ಬಳಸಬೇಕಾದಾಗ ಮೊದಲು ಕಾಗದದಿಂದ ಒರೆಸಿ, ಇವಳು ನೋಡಿದ್ದನ್ನು ನೋಡಿ, "ಧೂಳು ಅಕ್ಕ" ಎಂದಿದ್ದಳು. ಧೂಳು ಇರಲಿಲ್ಲ. ಅವಳ ಟೇಬಲ್ಲಿನ ಮೇಲೆ ಧೂಳು ಇರುವುದುಂಟೇ? ಇಡೀ ಮಹಡಿಯಲ್ಲಿ ಒರೆಸಲು ಬರುತ್ತಿದ್ದದ್ದು ಅವಳೊಬ್ಬಳಿಗೇ.

ನಾಲ್ಕು ತಿಂಗಳು ಹೀಗೇ ನಡೆಯಿತು. ಆಮೇಲೆ ಒಂದು ಮಂಗಳವಾರ, ಹನ್ನೊಂದು ಗಂಟೆಗೆ, ಈ ವಾಕ್ಯ ಬಂತು.

'ಮೋರಿ ಕೆಲಸಗಾರರ ಸಾವಿಗೆ ಕಾರಣ: ಕುಡಿತ. ನಂಬಿಕೆ: ನೂರಕ್ಕೆ ತೊಂಬತ್ತಾರು. ಆಧಾರ: ಹದಿನೇಳು ಪುಟ.'

ಅವಳು ಮೊದಲನೆಯ ಪುಟ ತೆರೆದಳು. ಮೂರು ವರ್ಷದ ಹಿಂದಿನ ಸುದ್ದಿ. 'ಕುಡಿದ ಅಮಲಿನಲ್ಲಿ ಮ್ಯಾನ್‌ಹೋಲಿಗೆ ಬಿದ್ದು ಕಾರ್ಮೀಕ ಸಾವು.' ಕೆಳಗೆ ಅವಳ ಗಂಡನ ಹೆಸರು, ವಯಸ್ಸು. ವಯಸ್ಸೂ ತಪ್ಪು.

ಎರಡನೆಯ ಪುಟ ತೆರೆದಳು. ಅದೇ ಸುದ್ದಿ. ಅಲ್ಲೂ 'ಕಾರ್ಮೀಕ'. ಮೂರನೆಯದು, ನಾಲ್ಕನೆಯದು. ಹದಿನೇಳೂ ತೆರೆದಳು. ಹದಿನೇಳರಲ್ಲೂ ಮಿ ದೀರ್ಘ. ಒಬ್ಬ ಹೇಳಿದ ಸುಳ್ಳನ್ನು ಹದಿನಾರು ಜನ ಕಾಗುಣಿತದ ತಪ್ಪಿನ ಸಮೇತ ಕದ್ದಿದ್ದರು. ಕದಿಯುವವರಿಗೆ ತಿದ್ದುವಷ್ಟೂ ವ್ಯವಧಾನ ಇರಲಿಲ್ಲ. ಯಂತ್ರ ಎಣಿಸಿತ್ತು. ಹದಿನೇಳು ಬಾಯಿ ಒಂದೇ ಮಾತು ಹೇಳಿದರೆ ಅದು ಸತ್ಯ ತಾನೇ?

ಮೂರು ವರ್ಷದ ಹಿಂದೆ, ಗಂಡ ಸತ್ತ ದಿನ ಬೆಳಗ್ಗೆ ಹತ್ತೂವರೆ. ಮಾರುಕಟ್ಟೆಯ ಹಿಂದಿನ ಬೀದಿ. ನಗರಸಭೆಯ ಇಂಜಿನಿಯರು ಗಾಳಿ ಬರುವ ಕಡೆ ನಿಂತು ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದ. "ಹತ್ತು ನಿಮಿಷದ ಕೆಲಸ, ಇಳಿ" ಎಂದ. ಗಂಡ ಹಗ್ಗ ಕೇಳಿದ. ಹಗ್ಗ ಗೋದಾಮಿನಲ್ಲಿದೆ, ಗೋದಾಮಿನ ಕೀಲಿ ಇರುವವನು ರಜೆ, ಎಂದ ಇಂಜಿನಿಯರು. ಗಂಡ ಚಡ್ಡಿಯಲ್ಲಿ ಇಳಿದ. ಸೊಂಟದವರೆಗೆ ಇಳಿದಾಗ ಒಮ್ಮೆ ಕೆಮ್ಮಿದ. ಎದೆಯವರೆಗೆ ಇಳಿದಾಗ, ಜೊತೆಗೆ ಕೆಲಸಕ್ಕೆ ಬಂದು ಮೇಲೆ ನಿಂತಿದ್ದ ಅಣ್ಣನ ಮುಖ ನೋಡಿದ. ಆಮೇಲೆ ಕೈ ಬಿಟ್ಟ.

ಅಣ್ಣ ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು ಧುಮುಕಿದ. ಕೂದಲು ಹಿಡಿದು ಎಳೆದ, ರಾಡಿಗೆ ಜಾರಿತು. ಕಂಕುಳಿಗೆ ಕೈ ಹಾಕಿ ಎತ್ತಿದ. ಮೇಲೆ ಬಂದದ್ದು ತಮ್ಮನಲ್ಲ, ಮೋರಿ. ಅತ್ತೆ ಮಗನನ್ನು ತೊಳೆದಳು. ಹನ್ನೊಂದು ಬಕೆಟ್ ನೀರು ಹಿಡಿಯಿತು. ಮುಖ ಸಿಕ್ಕಿದ್ದು ನಾಲ್ಕನೆಯ ಬಕೆಟ್ಟಿಗೆ. ಬೆಳಗ್ಗೆ ಅವನು ಕುಡಿದದ್ದು ಅರ್ಧ ಲೋಟ ಚಹಾ. ಹೊಟ್ಟೆ ತುಂಬಿಸಿಕೊಂಡು ಯಾರೂ ಗುಂಡಿಗೆ ಇಳಿಯುವುದಿಲ್ಲ, ಒಳಗೆ ಹೋದ ಕೂಡಲೇ ಹೊರಗೆ ಬರುತ್ತದೆ. ಇಂಜಿನಿಯರು ಪತ್ರಿಕೆಯವನಿಗೆ ಏನೋ ಹೇಳಿದ. ಪತ್ರಿಕೆಯವನು ಬರೆದುಕೊಂಡ. ಕೇರಿಗೆ ಬಂದು ಕೇಳಲು ಅವನ ಬೂಟು ಹೊಸದಾಗಿತ್ತು.

ಅವಳು ತಪ್ಪು ಒತ್ತಿದಳು. ಇನ್ನೊಮ್ಮೆ ಒತ್ತಿದಳು. ಮತ್ತೂ ಒತ್ತಿದಳು. 'ಒಮ್ಮೆ ಒತ್ತಿದರೆ ಸಾಕು, ಧನ್ಯವಾದ' ಎಂದಿತು ಯಂತ್ರ.

ಮಾರನೆಯ ದಿನ ಅದೇ ವಾಕ್ಯ ಮತ್ತೆ ಬಂತು. ಉಳಿದವರೆಲ್ಲ ಸರಿ ಒತ್ತಿದ್ದರು. ಅವರಿಗೇನು, ಹದಿನೇಳು ಪುಟ ಇದೆ, ಒಂಬೈನೂರು ವಾಕ್ಯ ಮುಗಿಸಬೇಕು. ಅವಳು ಮತ್ತೆ ತಪ್ಪು ಒತ್ತಿದಳು. ಮೂರನೆಯ ದಿನ ಶೇಕಡಾ ಸಾರ್ ಕರೆಸಿದ.

"ಏ, ಎಲ್ಲರೂ ಸರಿ ಅಂದಿದ್ದಾರೆ, ನೀನೊಬ್ಬಳು ತಪ್ಪು ಅಂತೀಯ. ಎಲ್ಲರಿಗೂ ವಿರುದ್ಧ ಒತ್ತಿದರೆ ಅಂಕ ಕಡಿತ ಗೊತ್ತಲ್ಲ, ನಿನ್ನ ಸ್ಕೋರು ಎಂಬತ್ತೆಂಟಕ್ಕೆ ಬಿತ್ತು. ತೊಂಬತ್ತಕ್ಕಿಂತ ಕೆಳಗೆ ಬಿದ್ದವರು ಇಲ್ಲಿ ಇರಲ್ಲ."

"ಅದು ಸುಳ್ಳು ಸಾರ್."

"ಸುಳ್ಳು ಅನ್ನೋಕೆ ಆಧಾರ ಬೇಕು. ಲಿಂಕ್ ಕೊಡು."

"ಸತ್ತೋನು ನನ್ನ ಗಂಡ ಸಾರ್. ನಾನೇ ಆಧಾರ."

ಶೇಕಡಾ ಸಾರ್ ಎದುರಿನ ಕುರ್ಚಿ ತೋರಿಸಲು ಕೈ ಎತ್ತಿದ. ಪಾಪ, ಮನುಷ್ಯನೇ. ಆಮೇಲೆ ಕಚೇರಿ ನೆನಪಾಯಿತು.

"ನೀನೇನು ವೆಬ್‌ಸೈಟಾ? ನೆಟ್‌ನಲ್ಲಿ ಇರಬೇಕು. ಮೂರು ಕಡೆಯಾದರೂ ಇರಬೇಕು. ನೆಟ್‌ನಲ್ಲಿ ಇಲ್ಲ ಅಂದರೆ ನಮ್ಮ ಮಗು ಎಲ್ಲಿಂದ ಕಲಿಯುತ್ತೆ?"

"ನಮ್ಮ ಕೇರಿಗೆ ಕಳಿಸಿ ಸಾರ್. ಮೂರೇನು, ಮುನ್ನೂರು ಜನ ಹೇಳ್ತಾರೆ."

"ಕೇರಿಯಲ್ಲಿ ಹೇಳಿದ್ದೆಲ್ಲ ಜ್ಞಾನ ಆಗಲ್ಲಮ್ಮ. ಹೋಗಿ ಸರಿ ಒತ್ತು. ಒಂದು ಗುಂಡಿ ಒತ್ತೋದಕ್ಕೆ ಇಷ್ಟು ರಗಳೆ ಯಾಕೆ?"

ಒಂದು ಗುಂಡಿಗೆ ಇಳಿಯೋದಕ್ಕೆ ಇಷ್ಟು ರಗಳೆ ಯಾಕೆ ಎಂದು ಇಂಜಿನಿಯರೂ ಅಂದಿದ್ದ. ಇವರಿಗೆಲ್ಲ ಒಂದೇ ಶಾಲೆಯಲ್ಲಿ ಪಾಠ ಆಗಿರಬೇಕು ಎಂದುಕೊಂಡಳು. ಹೋಗಿ ತಪ್ಪು ಒತ್ತಿದಳು.

ಭಾನುವಾರ ಮಧ್ಯಾಹ್ನ ಮನೆಯಲ್ಲಿ ವಿಷಯ ಬಂತು. ಗಂಡನ ಅಣ್ಣ, ಅವಳ ಭಾವ, ಬಾಗಿಲ ಬಳಿ ಕೂತು ಕಾಲಿನ ಹುಣ್ಣಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದ. ತಮ್ಮ ಸತ್ತ ಮೇಲೂ ಅವನು ಅದೇ ಕೆಲಸದಲ್ಲಿದ್ದ. ಬೇರೆ ಕೆಲಸ ಕೊಡುವವರು ಮೊದಲು ಮೂಗು ಮುಚ್ಚಿಕೊಳ್ಳುತ್ತಿದ್ದರು, ಆಮೇಲೆ ಬಾಗಿಲು. ಅವಳು ಎಲ್ಲವನ್ನೂ ಹೇಳಿದಳು.

"ಮುಚ್ಕೊಂಡು ಸರಿ ಒತ್ತಮ್ಮ" ಎಂದ ಭಾವ. "ಕುರ್ಚಿ ಸಿಕ್ಕಿದೆ. ನಮ್ಮ ಕೇರಿಯಲ್ಲಿ ಮತ್ಯಾರಿಗೆ ಸಿಕ್ಕಿದೆ? ಸತ್ತೋನು ಎದ್ದು ಬರ್ತಾನಾ?"

ಅತ್ತೆ ಗೋಡೆಗೆ ಒರಗಿ ಕೂತಿದ್ದಳು. ಎದ್ದು ನಿಂತಳು.

"ನನ್ನ ಮಗನ ಬಾಯಿಗೆ ಬೆರಳು ಹಾಕಿ ರಾಡಿ ತೆಗೆದೋಳು ನಾನು. ನೀನಲ್ಲ, ಆ ಯಂತ್ರವೂ ಅಲ್ಲ. ಹೆಂಡದ ವಾಸನೆ ಹ್ಯಾಗಿರುತ್ತೆ ಅಂತ ನನಗೆ ಗೊತ್ತು. ನಿಮ್ಮಪ್ಪನ ಜೊತೆ ಮೂವತ್ತು ವರ್ಷ ಬಾಳಿದ್ದೀನಿ." ಸೊಸೆಯ ಕಡೆ ತಿರುಗಿದಳು. "ಏನೇ, ನೀನು ಸರಿ ಅಂತ ಒತ್ತಿದ ದಿನ ಈ ಮನೆಗೆ ಬರಬೇಡ. ಆ ಕಚೇರಿಯಲ್ಲೇ ಆ ಮಗೂಗೆ ತೊಟ್ಟಿಲು ತೂಗಿಕೊಂಡಿರು."

ಭಾವ ಮುಲಾಮಿನ ಡಬ್ಬಿಯ ಮುಚ್ಚಳ ಹುಡುಕತೊಡಗಿದ. ಮುಚ್ಚಳ ಅವನ ಕೈಯಲ್ಲೇ ಇತ್ತು.

ಸ್ಕೋರು ಎಂಬತ್ತೈದಕ್ಕೆ ಇಳಿದರೂ ಅವಳನ್ನು ತೆಗೆಯಲಿಲ್ಲ. ಕಾರಣ ಕರುಣೆಯಲ್ಲ. ಮುಂದಿನ ಗುರುವಾರ ದೊಡ್ಡವರು ಬರುವವರಿದ್ದರು. ಕಂಪನಿಗೆ ಬಂಡವಾಳ ಹಾಕುವ ನಾಲ್ಕು ಜನ ಅತಿಥಿಗಳು. ಅವರಿಗೆ ತೋರಿಸಲು ಇವಳಿಗಿಂತ ಚೆಂದದ ಗೊಂಬೆ ಇರಲಿಲ್ಲ. "ಹೊಸ ಬಟ್ಟೆ ಹಾಕ್ಕೊಂಡು ಬಾ. ಹತ್ತು ವಾಕ್ಯ ಬರುತ್ತೆ, ಹತ್ತಕ್ಕೂ ಸರಿ ಒತ್ತು. ನಗ್ತಾ ಒತ್ತು" ಎಂದ ಶೇಕಡಾ ಸಾರ್.

ಗುರುವಾರ ಕೆಳಗಿನ ಗಾಜಿನ ಕೋಣೆಯಲ್ಲಿ ಅತಿಥಿಗಳು ಕೂತರು. ಗೋಡೆಯ ಮೇಲೆ ದೊಡ್ಡ ಪರದೆ. ಅವಳು ನಡುವೆ. ಶೇಕಡಾ ಸಾರ್ ಭಾಷಣ ಮಾಡಿದ. "ನಿನ್ನೆ ಶೌಚಾಲಯ ತೊಳೆಯುತ್ತಿದ್ದವರು ಇಂದು ಯಂತ್ರಕ್ಕೆ ಗುರು!" ಅತಿಥಿಗಳು ಚಪ್ಪಾಳೆ ತಟ್ಟಿದರು. ನಿನ್ನೆಯೂ ವಾಂತಿ ಒರೆಸಿದ್ದನ್ನು ಅವಳು ಹೇಳಲಿಲ್ಲ. ಬಹುವಚನ ಕೇಳಿದ್ದೇ ಮೊದಲು, ಅದನ್ನು ಸ್ವಲ್ಪ ಅನುಭವಿಸಿದಳು.

ಅಷ್ಟರಲ್ಲಿ ವಾಸನೆ ಬಂತು.

ಬೆಳಗಿನಿಂದಲೇ ಕೆಳಮಹಡಿಯ ಕಕ್ಕಸು ಕಟ್ಟಿಕೊಂಡಿತ್ತು. ಈಗ ಉಕ್ಕಿ ಓಣಿಗೆ ಹರಿದಿತ್ತು. ನಗರಸಭೆಗೆ ಫೋನು ಹೋಗಿತ್ತು. ಗಾಜಿನಾಚೆ ಹಿತ್ತಿಲಿನಲ್ಲಿ ಒಂದು ಜೀಪು ನಿಂತಿತು. ಇಂಜಿನಿಯರು ಇಳಿದ. ಅದೇ ಇಂಜಿನಿಯರು, ಹೊಟ್ಟೆ ಮಾತ್ರ ಸ್ವಲ್ಪ ಬೆಳೆದಿತ್ತು. ಹಿಂದೆ ಮೂವರು ಕೆಲಸಗಾರರು. ಮೊದಲನೆಯವನು ಅವಳ ಭಾವ. ಹಾರೆ ಹಾಕಿ ಮ್ಯಾನ್‌ಹೋಲಿನ ಮುಚ್ಚಳ ಎತ್ತಿದರು. ಭಾವ ಅಂಗಿ ಬಿಚ್ಚತೊಡಗಿದ. ಹಗ್ಗ ಇವತ್ತೂ ಇರಲಿಲ್ಲ.

"ಅದರ ಕಡೆ ಗಮನ ಬೇಡ, ಸಣ್ಣ ರಿಪೇರಿ" ಎಂದ ಶೇಕಡಾ ಸಾರ್ ಅತಿಥಿಗಳಿಗೆ. "ನಮ್ಮ ಮಗುವನ್ನು ಏನು ಬೇಕಾದರೂ ಕೇಳಬಹುದು." ಅವಳ ಕಡೆ ತಿರುಗಿದ. "ನೀವೇ ಒಂದು ಕೇಳಿಮ್ಮ."

ಅವಳು ಹಿತ್ತಿಲು ನೋಡಿದಳು. ಪರದೆ ನೋಡಿದಳು. ಟೈಪು ಮಾಡಿದಳು.

'ಮೋರಿಗೆ ಇಳಿದವರು ಯಾಕೆ ಸಾಯುತ್ತಾರೆ?'

'ಕುಡಿತದಿಂದ. ನಂಬಿಕೆ: ನೂರಕ್ಕೆ ತೊಂಬತ್ತೇಳು.' ಎಲ್ಲರೂ ಸರಿ ಒತ್ತಿ ಒತ್ತಿ ಒಂದು ಪಾಲು ಜಾಸ್ತಿಯಾಗಿತ್ತು.

"ಅಬ್ಬಾ, ಇಷ್ಟು ಸಣ್ಣ ವಿಷಯವೂ ಗೊತ್ತಿದೆ!" ಎಂದ ಬಿಳಿ ಕೋಟಿನ ಅತಿಥಿ.

"ಸಾರ್" ಎಂದಳು ಅವಳು. "ನೀವು ಕುಡೀತೀರಾ?"

ಶೇಕಡಾ ಸಾರ್ ಅತಿಥಿಗಳ ಮುಖ ನೋಡಿದ. "ಛೆ ಛೆ! ನಾನು ಮುಟ್ಟೋದೇ ಇಲ್ಲ."

"ನೂರಕ್ಕೆ ನೂರು?"

"ನೂರಕ್ಕೆ ನೂರು."

"ಹಾಗಾದರೆ ಬನ್ನಿ." ಅವಳು ಎದ್ದು ಹಿತ್ತಿಲಿನ ಬಾಗಿಲು ತೆರೆದಳು. ವಾಸನೆ ಆಹ್ವಾನಕ್ಕೆ ಕಾದವರಂತೆ ಒಳಗೆ ಬಂತು. "ನೀವೇ ಇಳೀರಿ. ನಿಮಗೇನೂ ಆಗಲ್ಲ. ಕುಡಿದೋರು ಮಾತ್ರ ಸಾಯೋದು ಅಂತ ನಿಮ್ಮ ಮಗೂನೇ ಹೇಳಿದೆ. ತೊಂಬತ್ತೇಳು ಪಾಲು ಗ್ಯಾರಂಟಿ. ಉಳಿದ ಮೂರು ಪಾಲಿಗೆ ನಾವಿದ್ದೀವಿ, ಎತ್ತಿ ತೊಳೀತೀವಿ."

ಇಂಜಿನಿಯರು ಕರವಸ್ತ್ರದ ಹಿಂದಿನಿಂದ, "ಯಾರಿವಳು?" ಎಂದ.

"ಗುರುತು ಸಿಗಲಿಲ್ವಾ? ಮೂರು ವರ್ಷದ ಹಿಂದೆ ಹಗ್ಗದ ಗೋದಾಮಿಗೆ ಬೀಗ ಬಿದ್ದಿತ್ತಲ್ಲ, ಆವತ್ತು ಇಳಿದೋನ ಹೆಂಡತಿ. ನೀವು ಕುಡೀತೀರಾ ಸಾರ್? ಇಲ್ಲ ಅಂದರೆ ನೀವೇ ಬನ್ನಿ. ಹತ್ತು ನಿಮಿಷದ ಕೆಲಸ."

"ಇವಳ ಮಾತೇನು ಕೇಳ್ತೀರಿ, ತಲೆ ಕೆಟ್ಟಿದೆ. ಏಯ್, ನೀನು ಇಳಿಯೋ!" ಇಂಜಿನಿಯರು ಭಾವನ ಕಡೆ ಕೈ ಬೀಸಿದ.

ಭಾವ ಗುಂಡಿಯ ಅಂಚಿನಲ್ಲಿ ನಿಂತಿದ್ದ. ಒಂದು ಕಾಲು ಆಗಲೇ ಮೆಟ್ಟಿಲ ಕಂಬಿಯ ಮೇಲಿತ್ತು. ಅವಳ ಮುಖ ನೋಡಿದ. ಆ ಕಾಲನ್ನು ಎತ್ತಿಕೊಂಡ. ಅಂಗಿ ಕೊಡವಿ ಹಾಕಿಕೊಂಡ. ಒಂದೊಂದೇ ಗುಂಡಿ ಹಾಕಿಕೊಂಡ, ಮದುವೆಗೆ ಹೊರಟವನ ಹಾಗೆ ನಿಧಾನಕ್ಕೆ.

"ನಾನು ಕುಡಿದಿಲ್ಲ ಸಾರ್" ಎಂದ. "ಅದಕ್ಕೇ ಇಳಿಯಲ್ಲ."

ಹಾರೆ ಹಾಕಿ ಮುಚ್ಚಳವನ್ನು ದೂಡಿ ಮುಚ್ಚಿದ. ಅದರ ಮೇಲೆ ಕುಕ್ಕರಿಸಿದ. ಜೊತೆಯ ಇಬ್ಬರೂ ಬಂದು ಅಕ್ಕಪಕ್ಕ ಕೂತರು.

ಅತಿಥಿಗಳು ಮೂಗು ಮುಚ್ಚಿಕೊಂಡು ಮುಂಬಾಗಿಲಿಗೆ ಓಡಿದರು. ಓಣಿಯಲ್ಲಿ ಬಿಳಿ ಕೋಟಿನವನ ಪಾದ ಕಂಪನಿಯ ಜ್ಞಾನದಲ್ಲಿ ಹೂತಿತು. ಶೇಕಡಾ ಸಾರ್‌ಗೆ ಬಹುವಚನ ಮರೆತುಹೋಯಿತು.

"ಏ! ಮೊದಲು ಹೋಗಿ ಅದನ್ನ ಒರೆಸು! ಆಮೇಲೆ ನಿನಗೆ ಮಾಡ್ತೀನಿ!"

ಆರು ವರ್ಷ ನಾಲ್ಕು ತಿಂಗಳು ಆ ಮಾತಿಗೆ ಅವಳ ಮಂಡಿ ತಾನಾಗಿಯೇ ಬಾಗುತ್ತಿತ್ತು. ಇವತ್ತೂ ಬಾಗಲು ಹೋಯಿತು. ಅವಳಿಗೆ ಗೊತ್ತಾಯಿತು. ನೆಟ್ಟಗೆ ನಿಂತಳು.

"ಒರೆಸಲ್ಲ" ಎಂದಳು. "ಮಗೂಗೆ ಹೇಳಿ. ಎಲ್ಲ ಓದಿಕೊಂಡಿದೆ, ಒರೆಸೋದೂ ಎಲ್ಲೋ ಬರೆದಿರ್ತಾರೆ."

ಹಿತ್ತಿಲಿಂದಲೇ ಹೊರಟು ಹೋದಳು.

ಕೆಲಸ ಹೋಯಿತು. ಮಾರನೆಯ ದಿನ ಮೊಬೈಲಿಗೆ ಒಂದು ಸಾಲು ಬಂತು, ಯಂತ್ರವೇ ಬರೆದದ್ದಿರಬೇಕು, 'ತಮ್ಮ ಮುಂದಿನ ಜೀವನ ಸುಖಕರವಾಗಿತ್ತು' ಎಂದು ಮುಗಿದಿತ್ತು. ಮೂವರು ಕೆಲಸಗಾರರಿಗೂ ಕರ್ತವ್ಯಲೋಪದ ನೋಟಿಸು ಬಂತು. ಮೂವರೂ ಒಂದೇ ಉತ್ತರ ಬರೆಸಿ ಕೊಟ್ಟರು, ಅವಳ ಕೈಯಲ್ಲೇ. 'ಯಂತ್ರ ತನ್ನಿ, ಹಗ್ಗ ತನ್ನಿ, ಆಮೇಲೆ ಕರೆಯಿರಿ.' ಮೂರು ದಿನ ಆ ಕಟ್ಟಡದ ಜನ ಕಕ್ಕಸಿಗೆ ಎದುರಿನ ಹೋಟೆಲಿಗೆ ಸಾಲು ನಿಂತರು. ನಾಲ್ಕನೆಯ ದಿನ ಮೋರಿ ಹೀರುವ ಗಾಡಿ ಬಂತು. ನಗರಸಭೆಯ ಶೆಡ್ಡಿನಲ್ಲಿ ನಾಲ್ಕು ವರ್ಷದಿಂದ ನಿಂತಿದ್ದ ಗಾಡಿ. ಸೀಟಿನ ಪ್ಲಾಸ್ಟಿಕ್ಕೂ ಬಿಚ್ಚಿರಲಿಲ್ಲ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಭಾವ ರಸ್ತೆಯಾಚೆ ನಿಂತು ನೋಡಿದ. ಮನೆಗೆ ಬಂದು ತಾಯಿಯ ಮುಂದೆ ಕೂತು, "ಅರ್ಧ ಗಂಟೆ ಅವ್ವಾ. ಬರೀ ಅರ್ಧ ಗಂಟೆ" ಎಂದ. ಮೂರು ವರ್ಷದಲ್ಲಿ ಮೊದಲ ಸಲ ಅತ್ತ. ಅವ್ವ ಅವನ ತಲೆಯ ಮೇಲೆ ಕೈಯಿಟ್ಟು ಕೂತಳು.

ಆಮೇಲೆ ಆ ಊರಿನಲ್ಲಿ ಯಾರೂ ಬರಿಮೈಯಲ್ಲಿ ಗುಂಡಿಗೆ ಇಳಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಇಳಿಸುವವರಿದ್ದರು, ಇಳಿಯುವ ಗತಿ ಬಂದವರೂ ಇದ್ದರು. ಆದರೆ ಆ ಕೇರಿಯವರು ಇಳಿಯಲಿಲ್ಲ.

ಅವಳು ಮಾರುಕಟ್ಟೆಯ ಮಂಡಿಯಲ್ಲಿ ಈರುಳ್ಳಿ ಮೂಟೆಯ ಬಾಯಿ ಹೊಲಿಯುವ ಕೆಲಸ ಹಿಡಿದಳು. ದಬ್ಬಣ ಚುಚ್ಚಿ ಬೆರಳು ಗಂಟು ಗಂಟಾಯಿತು. ಮೂಟೆಗಳು ಯಾವುದನ್ನೂ ನಂಬುತ್ತಿರಲಿಲ್ಲ, ಅದು ಒಂದು ಸಮಾಧಾನ.

ಒಂದು ತಿಂಗಳ ಮೇಲೆ ಕನ್ನಡಕದ ಹುಡುಗಿ ಕೇರಿಗೆ ಬಂದಳು. ಮೋರಿಯ ಮೇಲಿನ ಹಲಗೆ ದಾಟಲು ಸ್ವಲ್ಪ ಹೆದರಿದಳು, ದಾಟಿದಳು. ಅತ್ತೆ ಕೊಟ್ಟ ನೀರನ್ನು ಲೋಟಕ್ಕೆ ಬಾಯಿಟ್ಟು ಕುಡಿದಳು. ಮೇಷ್ಟ್ರಮ್ಮ ಅದನ್ನು ನೋಡಿದಳು. ಹುಡುಗಿಯೂ ಅವಳು ನೋಡಿದ್ದನ್ನು ನೋಡಿದಳು.

"ಅಕ್ಕ, ಆ ವಾಕ್ಯ ಮತ್ತೆ ಬಂತು. ನಾನು ಹದಿನೇಳು ಪುಟ ತೆಗೆದು ನೋಡಿದೆ. ಎಲ್ಲದರಲ್ಲೂ 'ಕಾರ್ಮೀಕ'. ತಪ್ಪು ಒತ್ತಿದೆ. ಹದಿನೇಳೂ ಒಂದೇ ಪುಟ ಅಂತ ಬರೆದೆ. ಪಕ್ಕದವರಿಗೂ ತೋರಿಸಿದೆ. ಹದಿಮೂರು ಜನದಲ್ಲಿ ಹತ್ತು ಜನ ತಪ್ಪು ಒತ್ತಿದರು. ಸಾರ್ ಕುಣಿದಾಡಿದರು. ಹತ್ತೂ ಜನರನ್ನ ತೆಗೆದರೆ ಓದೋರು ಯಾರು? ಸುಮ್ಮನಾದರು."

"ಈಗ ಏನನ್ನುತ್ತೆ ಅದು?"

"ನಿನ್ನೆ ಕೇಳಿದೆ. ಮೋರಿಗೆ ಇಳಿದವರು ಯಾಕೆ ಸಾಯುತ್ತಾರೆ ಅಂತ. 'ಗೊತ್ತಿಲ್ಲ' ಅಂತು."

ಅವಳಿಗೆ ಸಿಟ್ಟು ನೆತ್ತಿಗೇರಿತು. "ಗೊತ್ತಿಲ್ಲ ಅಂದರೆ? ಹಗ್ಗ ಇರಲಿಲ್ಲ, ಗಾಡಿ ಶೆಡ್ಡಿನಲ್ಲಿತ್ತು, ಇಳಿ ಅಂದೋನು ಗಾಳಿ ಕಡೆ ನಿಂತಿದ್ದ. ಇಷ್ಟು ಹೇಳೋಕೆ ಬರಲ್ವಾ ಅದಕ್ಕೆ?"

ಅತ್ತೆ ಖಾಲಿ ಲೋಟ ತೆಗೆದುಕೊಂಡು ಒಳಗೆ ಹೊರಟವಳು ಬಾಗಿಲಲ್ಲಿ ನಿಂತಳು.

"ಬಿಡೇ, ಪಾಪ" ಎಂದಳು. "ಒಂದೇ ತಿಂಗಳಲ್ಲಿ 'ಗೊತ್ತಿಲ್ಲ' ಅನ್ನೋದು ಕಲಿತಿದೆ. ಆ ಇಂಜಿನಿಯರು ಇಷ್ಟು ವಯಸ್ಸಾದರೂ ಅದನ್ನ ಕಲಿತಿಲ್ಲ."